ಆನ್‌ಲೈನ್ ನರ್ಸಿಂಗ್ ಕಾಲೇಜು ಬಿಡ್ತಿದ್ದೀರಾ? ಮೊದಲು ಸಿಲಬಸ್ ಇಳಿಸಿಕೊಳ್ಳಿ

ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ನರ್ಸಿಂಗ್ ಓದುತ್ತಾ ಅರ್ಧದಲ್ಲಿ ಕಾಲೇಜು ಬದಲಾಯಿಸಬೇಕು ಅಂದುಕೊಂಡಿದ್ದರೆ, ಹಳೇ ಕಾಲೇಜಿಗೆ ‘ಬಿಡ್ತೀನಿ’ ಅಂತ ಮೇಲ್ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಇವತ್ತೇ ಪೋರ್ಟಲ್‌ಗೆ ಹೋಗಿ, ಮುಗಿಸಿದ ಪ್ರತಿ ಕೋರ್ಸಿನ ಸಿಲಬಸ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೆಸರು ತೆಗೆಸಿದ ಮೇಲೆ ಲಾಗಿನ್ ಬಂದ್ ಆಗಬಹುದು. ನನಗೆ ಹಾಗೇ ಆಯ್ತು. ಮೈಕ್ರೋಬಯಾಲಜಿ ಸಿಲಬಸ್‌ಗೆ ಮೂರು ವಾರ ಫೋನ್ ಮಾಡಿ ಸಾಕುಬೇಕಾಯ್ತು, ಕೊನೆಗೆ ಜೊತೆಗೆ ಓದಿದ ಗೆಳತಿ ತನ್ನ ಹತ್ತಿರ ಇದ್ದ ಪಿಡಿಎಫ್ ಕಳಿಸಿದಳು.

ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಇದ್ದರೆ ಸಾಲದಾ? ಸಾಲದು. ಅದರಲ್ಲಿ ಕೋರ್ಸಿನ ಹೆಸರು, ಕ್ರೆಡಿಟ್ (ಕೋರ್ಸು ಎಷ್ಟು ದೊಡ್ಡದು ಅಂತ ಅಳೆಯುವ ಅಂಕಿ), ಗ್ರೇಡ್ ಅಷ್ಟೇ ಇರುತ್ತೆ. ಅನಾಟಮಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ವಿಷಯದಲ್ಲಿ ಹೊಸ ಕಾಲೇಜಿನವರು ಕೇಳೋದು ಲ್ಯಾಬ್ ಬಗ್ಗೆ, ಅದು ಗೊತ್ತಾಗೋದು ಸಿಲಬಸ್‌ನಿಂದ. ಮನೆಗೆ ಕಿಟ್ ತರಿಸಿಕೊಂಡು ಮಾಡಿದ ಲ್ಯಾಬನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪಲ್ಲ. ಮುಂಚೆಯೇ ಕೇಳಿ. ವಿಜ್ಞಾನದ ಕೋರ್ಸು ಐದು ಅಥವಾ ಏಳು ವರ್ಷಕ್ಕಿಂತ ಹಳೆಯದಾದರೆ ಬೇಡ ಅನ್ನುವ ಕಾಲೇಜುಗಳೂ ಇವೆ.

ಆಮೇಲೆ ಅಕ್ರೆಡಿಟೇಷನ್, ಅಂದರೆ ಮಾನ್ಯತೆ. ಇದು ಎರಡು ಥರ. ಒಂದು ಇಡೀ ಕಾಲೇಜಿಗೆ ಸಿಗೋದು, ಎಚ್‌ಎಲ್‌ಸಿಯಂಥ ಸಂಸ್ಥೆಗಳು ಕೊಡುತ್ತವೆ. ಇನ್ನೊಂದು ಅಲ್ಲಿನ ನರ್ಸಿಂಗ್ ಪ್ರೋಗ್ರಾಂಗೆ ಮಾತ್ರ, ಅದನ್ನು ಕೊಡೋದು ಎಸಿಇಎನ್ ಅಥವಾ ಸಿಸಿಎನ್‌ಇ ಥರದವರು. ಎರಡನ್ನೂ ನೋಡಿಕೊಳ್ಳಿ. 2020ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಇಡೀ ಕಾಲೇಜಿಗೆ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ‘ರೀಜನಲ್’ (ಪ್ರಾದೇಶಿಕ), ‘ನ್ಯಾಷನಲ್’ (ರಾಷ್ಟ್ರೀಯ) ಅನ್ನೋ ಭೇದವನ್ನು ತನ್ನ ನಿಯಮದಿಂದ ತೆಗೆಯಿತು, ಆದರೆ ಎಷ್ಟೋ ಕಾಲೇಜುಗಳು ಈಗಲೂ ಅದನ್ನೇ ಹಿಡಿದು ಕೂತಿವೆ, ಯಾಕೆಂದರೆ ಯಾವ ಕ್ರೆಡಿಟ್ ಒಪ್ಪಬೇಕು ಅಂತ ತೀರ್ಮಾನಿಸೋದು ಆಯಾ ಕಾಲೇಜೇ.

ಲೆಕ್ಕದಲ್ಲೂ ಒಂದು ತೊಡಕಿದೆ. ನಿಮ್ಮ ಆನ್‌ಲೈನ್ ಕಾಲೇಜಿನಲ್ಲಿ ಕ್ವಾರ್ಟರ್ ಪದ್ಧತಿ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ), ಹೊಸದರಲ್ಲಿ ಸೆಮಿಸ್ಟರ್ ಇದ್ದರೆ ಕ್ರೆಡಿಟ್ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತೆ. 5 ಕ್ವಾರ್ಟರ್ ಕ್ರೆಡಿಟ್ ಅಂದರೆ 3.33 ಸೆಮಿಸ್ಟರ್ ಕ್ರೆಡಿಟ್. ಅಲ್ಲಿ 4 ಬೇಕಿದ್ದರೆ ಕೊರತೆ ಬೀಳುತ್ತೆ.

ಕ್ಲಿನಿಕಲ್, ಅಂದರೆ ರೋಗಿಗಳ ಜೊತೆಗಿನ ತರಬೇತಿ, ಇರುವ ಕೋರ್ಸುಗಳು ವರ್ಗ ಆಗೋದು ಬಹಳ ಕಷ್ಟ, ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆದರೆ ನೀವು ಈಗಾಗಲೇ ಆರ್‌ಎನ್ (ಲೈಸೆನ್ಸ್ ಇರುವ ನರ್ಸ್) ಆಗಿದ್ದು ಬಿಎಸ್‌ಎನ್ (ನರ್ಸಿಂಗ್ ಪದವಿ) ಮಾಡ್ತಿದ್ದರೆ ದಾರಿ ಸುಲಭ. 120 ಕ್ರೆಡಿಟ್‌ನಲ್ಲಿ 90ರವರೆಗೆ ಒಪ್ಪುವ ಕಾಲೇಜುಗಳಿವೆ, ಉಳಿದದ್ದನ್ನು ಅಲ್ಲೇ ಓದಬೇಕು. ಕರ್ನಾಟಕದಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ಬಿಎಸ್ಸಿ ಮಾಡಿ ಬಂದವರು ಆ ಅಂಕಪಟ್ಟಿಯನ್ನೂ ಸೇರಿಸಬೇಕಾದರೆ, ವಿದೇಶದ ಅಂಕಪಟ್ಟಿ ಪರಿಶೀಲಿಸುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಿ. ಯಾವ ಸಂಸ್ಥೆಯದ್ದು ನಡೆಯುತ್ತೆ ಅಂತ ಕಾಲೇಜಿನವರನ್ನೇ ಕೇಳಿ. ಊರಿನಿಂದ ಕಾಗದ ಬರೋಕೆ ಟೈಮ್ ಹಿಡಿಯುತ್ತೆ, ಅದಕ್ಕೇ ಇದನ್ನು ಮೊದಲೇ ಶುರು ಮಾಡಿ.

ಅಡ್ಮಿಷನ್ ಕೌನ್ಸೆಲರ್ ಫೋನಿನಲ್ಲಿ ‘ಎಲ್ಲಾ ಟ್ರಾನ್ಸ್‌ಫರ್ ಆಗುತ್ತೆ’ ಅಂದರೆ ದಯವಿಟ್ಟು ನಂಬಿ ಹಣ ಕಟ್ಟಬೇಡಿ. ಯಾವ ಕೋರ್ಸನ್ನು ಯಾವುದಕ್ಕೆ ಒಪ್ಪುತ್ತಾರೆ ಅನ್ನೋ ಪಟ್ಟಿಯನ್ನು ಬರಹದಲ್ಲಿ ಕೇಳಿ. ಆ ಪಟ್ಟಿ ಬಂದ ಮೇಲೆ ಒಟ್ಟು ಸಂಖ್ಯೆ ನೋಡಿ ಖುಷಿಪಡಬೇಡಿ, ಪ್ರತಿ ಕೋರ್ಸಿನ ಎದುರು ಏನು ಬರೆದಿದ್ದಾರೆ ಅಂತ ಓದಿ. ‘ಎಲೆಕ್ಟಿವ್’ (ಐಚ್ಛಿಕ) ಅಂತಿದ್ದರೆ ಕ್ರೆಡಿಟ್ ಏನೋ ಸಿಕ್ಕಿತು, ಆದರೆ ಕಡ್ಡಾಯ ಕೋರ್ಸನ್ನು ಮತ್ತೆ ದುಡ್ಡು ಕೊಟ್ಟು ಓದಬೇಕು. ಎಷ್ಟು ಜನ ಇಲ್ಲೇ ಒಂದು ಸೆಮಿಸ್ಟರ್ ಕಳೆದುಕೊಳ್ತಾರೆ ಅನ್ನೋದು ನೆನೆದರೆ ಹೊಟ್ಟೆ ಉರಿಯುತ್ತೆ.

ನನ್ನ ಮೈಕ್ರೋಬಯಾಲಜಿಯನ್ನೂ ಮೊದಲು ಎಲೆಕ್ಟಿವ್‌ಗೇ ಹಾಕಿದ್ದರು. ಸುಮ್ನೆ ಇರಲಿಲ್ಲ. ಮೇಲ್ಮನವಿ ಅರ್ಜಿ ತುಂಬಿ, ಸಿಲಬಸ್‌ನಲ್ಲಿ ಗ್ರಾಮ್ ಸ್ಟೇನಿಂಗ್, ಕಲ್ಚರ್ ಪ್ಲೇಟ್ ಅಂತ ವಾರವಾರದ ಲ್ಯಾಬ್ ಕೆಲಸ ಇದ್ದ ಪುಟಕ್ಕೆ ಹಳದಿ ಗೆರೆ ಎಳೆದು ವಿಭಾಗದ ಮುಖ್ಯಸ್ಥರಿಗೆ ಕಳಿಸಿದೆ. ಹನ್ನೊಂದನೇ ದಿನ ಒಪ್ಪಿಗೆ ಬಂತು.