ಲೌಡನ್‌ಗೆ ಮನೆ ಬದಲಿಸುವ ಮುಂಚೆ ಅಲ್ಲಿನ ಶಾಲೆಗಳನ್ನು ನೋಡಿದ ಬಗೆ

2022ರ ಕೊನೆಯಲ್ಲಿ ನನ್ನ ಗಂಡನಿಗೆ ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ಕೆಲಸ ಸಿಕ್ಕಿತು. ಅದು ಫೇರ್‌ಫ್ಯಾಕ್ಸ್ ಕೌಂಟಿಯ ಊರು, ಪಕ್ಕದ್ದೇ ಲೌಡನ್ ಕೌಂಟಿ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆಯಂಥದ್ದು. ಆಗ ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆವು. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಮಕ್ಕಳ ಓದು ಮಧ್ಯದಲ್ಲಿ ಕೆಡಬಾರದು ಅಂತ ಬೇಸಿಗೆ ರಜೆಯವರೆಗೆ ತಡೆದೆವು. ಆ ಆರೇಳು ತಿಂಗಳು ನನಗೆ ಶಾಲೆಗಳನ್ನು ನೋಡುವುದೇ ಕೆಲಸವಾಗಿತ್ತು. ಹೀಗೆ ಊರು ಬದಲಿಸುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನಾನು ಏನೇನು ನೋಡಿದೆ, ಯಾಕೆ ನೋಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಕೌಂಟಿಯ ಪಾತ್ರ. ನ್ಯೂಜೆರ್ಸಿಯಲ್ಲಿ ಸಣ್ಣ ಸಣ್ಣ ಊರಿಗೂ ಅದರದೇ ಶಾಲಾ ಮಂಡಳಿ ಇರುತ್ತದೆ, ರಾಜ್ಯದಲ್ಲೆಲ್ಲಾ ಸೇರಿ ಸುಮಾರು 600. ವರ್ಜೀನಿಯಾದಲ್ಲಿ ಹಾಗಲ್ಲ. ಒಂದು ಕೌಂಟಿಗೆ ಒಂದೇ ಮಂಡಳಿ. ಫೇರ್‌ಫ್ಯಾಕ್ಸ್ ಕೌಂಟಿಯ ಶಾಲೆಗಳಲ್ಲಿ ಸುಮಾರು 1,80,000 ಮಕ್ಕಳು, ಪಕ್ಕದ ಲೌಡನ್‌ನಲ್ಲಿ 80,000ಕ್ಕೂ ಜಾಸ್ತಿ. ಪಠ್ಯಕ್ರಮ, ಕ್ಯಾಲೆಂಡರ್, ಬಸ್ಸು, ವಿಶೇಷ ಶಿಕ್ಷಣಕ್ಕೆ ಎಷ್ಟು ಸಿಬ್ಬಂದಿ, ಗಣಿತದಲ್ಲಿ ಯಾವ ಮಕ್ಕಳನ್ನು ಮುಂದಿನ ಹಂತಕ್ಕೆ ಕಳಿಸುವುದು, ಎಲ್ಲದರ ನಿಯಮವೂ ಕೌಂಟಿ ಕಚೇರಿಯಲ್ಲೇ ಆಗುತ್ತದೆ. ಅದಕ್ಕೇ ನಾನು ಕೌಂಟಿಯನ್ನು ಮೊದಲು ಓದಿದೆ, ಶಾಲೆಯನ್ನು ಆಮೇಲೆ.

ದುಡ್ಡಿನ ವಿಷಯವೂ ಬೇರೆಯೇ. ವರ್ಜೀನಿಯಾದ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಅದು ಬಜೆಟ್ ಕೇಳುತ್ತದೆ. ಸ್ಥಳೀಯ ಪಾಲು ಎಷ್ಟು ಅಂತ ತೀರ್ಮಾನ ಮಾಡುವುದು ಕೌಂಟಿಯನ್ನು ನಡೆಸುವ ಚುನಾಯಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ಕೆಲವು ವರ್ಷಗಳ ಲೆಕ್ಕ ತೆಗೆದು ನೋಡಿದರೆ ಆ ಊರು ಶಾಲೆಗೆ ಎಷ್ಟು ಬೆಲೆ ಕೊಡುತ್ತದೆ ಅನ್ನುವುದು ತಿಳಿಯುತ್ತದೆ. ಆಶ್‌ಬರ್ನ್ ಸುತ್ತ ಇರುವ ಡೇಟಾ ಸೆಂಟರ್‌ಗಳ ಕಂಪ್ಯೂಟರ್ ಸಾಮಾನಿನ ಮೇಲಿನ ತೆರಿಗೆಯಿಂದ ಲೌಡನ್‌ಗೆ ದೊಡ್ಡ ಮೊತ್ತ ಬರುತ್ತದೆ. ಶಾಲೆಗಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಒಂದೇ ಉದ್ಯಮದ ಮೇಲೆ ಇಷ್ಟೊಂದು ನಂಬಿಕೆ ಇಡುವುದು ನನಗೆ ಈಗಲೂ ಸ್ವಲ್ಪ ಆತಂಕದ ವಿಷಯವೇ.

ಇನ್ನು ರೇಟಿಂಗ್. ಮನೆ ಹುಡುಕುವ ವೆಬ್‌ಸೈಟುಗಳಲ್ಲಿ ಪ್ರತಿ ಮನೆಯ ಕೆಳಗೂ ಹತ್ತಕ್ಕೆ ಎಂಟು, ಹತ್ತಕ್ಕೆ ಆರು ಅಂತ ಶಾಲೆಯ ಅಂಕ ಹಾಕಿರುತ್ತಾರೆ. ನಮ್ಮವರಲ್ಲಿ ತುಂಬಾ ಜನ ಅಷ್ಟನ್ನೇ ನೋಡಿ ಮನೆ ಹಿಡಿಯುತ್ತಾರೆ. ಆ ಅಂಕದಲ್ಲಿ ಪರೀಕ್ಷೆಯ ಫಲಿತಾಂಶದ್ದೇ ದೊಡ್ಡ ಪಾಲು. ಫಲಿತಾಂಶದಲ್ಲಿ ಮನೆಯ ಆದಾಯದ್ದು, ತಂದೆತಾಯಿಯ ಓದಿನದ್ದು ದೊಡ್ಡ ಪಾಲು. ಅಮೆರಿಕದಲ್ಲಿ ಆದಾಯ ಅತಿ ಹೆಚ್ಚಿರುವ ಕೌಂಟಿಗಳ ಮೊದಲ ಸಾಲಿನಲ್ಲೇ ಲೌಡನ್ ಬರುತ್ತದೆ. ಅಂಥ ಕಡೆ ಅಂಕ ಎತ್ತರ ಇರುವುದರಲ್ಲಿ ಆಶ್ಚರ್ಯ ಇಲ್ಲ. ಶಾಲೆ ಆ ಮಕ್ಕಳಿಗೆ ಏನು ಸೇರಿಸಿಕೊಟ್ಟಿತು ಅನ್ನುವುದು ತಾನೇ ನಮಗೆ ಬೇಕಾದ್ದು?

ಅದಕ್ಕೆ ನನಗೆ ಹೆಚ್ಚು ಸಹಾಯವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಜುಕೇಶನಲ್ ಆಪರ್ಚುನಿಟಿ ಪ್ರಾಜೆಕ್ಟ್. ಮೂರರಿಂದ ಎಂಟನೇ ಕ್ಲಾಸಿನ ಮಕ್ಕಳ ಪರೀಕ್ಷೆಗಳನ್ನು ಅವರು ದೇಶಕ್ಕೆಲ್ಲ ಒಂದೇ ಅಳತೆಗೆ ತಂದಿದ್ದಾರೆ. ಸರಾಸರಿ ಅಂಕವನ್ನು ಬೇರೆ, ವರ್ಷದಿಂದ ವರ್ಷಕ್ಕೆ ಮಕ್ಕಳು ಎಷ್ಟು ಕಲಿಯುತ್ತಾರೆ ಅನ್ನುವುದನ್ನು ಬೇರೆ ತೋರಿಸುತ್ತಾರೆ. ಸರಾಸರಿ ಅಂಕ ಊರಿನ ಶ್ರೀಮಂತಿಕೆಯ ಜೊತೆಗೇ ಏರುತ್ತದೆ. ಕಲಿಕೆಯ ವೇಗಕ್ಕೂ ಶ್ರೀಮಂತಿಕೆಗೂ ಅಷ್ಟು ಗಟ್ಟಿ ಸಂಬಂಧ ಇಲ್ಲ. ಇದನ್ನು ನೋಡಿದ ಮೇಲೆ ರೇಟಿಂಗ್ ನೋಡಿ ನಾನು ತೆಗೆದುಹಾಕಿದ್ದ ಕೆಲವು ಶಾಲೆಗಳು ಮತ್ತೆ ಪಟ್ಟಿಗೆ ಬಂದವು.

ರಾಜ್ಯ ರಾಜ್ಯಗಳ ನಡುವೆ ಹೋಲಿಸುವಾಗ ತುಂಬಾ ಹುಷಾರಾಗಿರಬೇಕು. 2022ರಲ್ಲಿ ವರ್ಜೀನಿಯಾದ ರಾಜ್ಯ ಪರೀಕ್ಷೆಯಾದ ಎಸ್‌ಒಎಲ್‌ನಲ್ಲಿ ಓದಿನ ವಿಷಯದಲ್ಲಿ ಪಾಸಾದವರು 73%. ನ್ಯೂಜೆರ್ಸಿಯ ರಾಜ್ಯ ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿ ನಿಗದಿ ಮಟ್ಟ ಮುಟ್ಟಿದವರು ಹೆಚ್ಚು ಕಡಿಮೆ ಅರ್ಧ. ಹಾಗಾದರೆ ವರ್ಜೀನಿಯಾ ಮೇಲೆ ಅನ್ನಿಸುತ್ತದೆ ಅಲ್ವಾ? ಅದೇ ವರ್ಷ ದೇಶಕ್ಕೆಲ್ಲ ಒಂದೇ ಆಗಿರುವ ನೇಪ್ ಪರೀಕ್ಷೆಯಲ್ಲಿ ನಾಲ್ಕನೇ ಕ್ಲಾಸಿನ ಓದಿಗೆ ನ್ಯೂಜೆರ್ಸಿಯ ಸರಾಸರಿ 223, ವರ್ಜೀನಿಯಾದ್ದು 214. ಅಂದರೆ ವರ್ಜೀನಿಯಾದ ಪಾಸ್ ಗೆರೆಯೇ ಕೆಳಗಿತ್ತು. ಆಗ ಎಸ್‌ಒಎಲ್‌ನಲ್ಲಿ 400 ಬಂದರೆ ಪಾಸು, 500 ಬಂದರೆ ಅಡ್ವಾನ್ಸ್‌ಡ್ ಅಂತ ಇತ್ತು. ಆದ್ದರಿಂದ ನಾನು ಪಾಸಾದವರ ಶೇಕಡಾವಾರು ಬಿಟ್ಟು ಅಡ್ವಾನ್ಸ್‌ಡ್ ಬಂದವರು ಎಷ್ಟು ಅನ್ನುವುದನ್ನು ನೋಡತೊಡಗಿದೆ. ಎರಡು ಶಾಲೆಗಳಲ್ಲಿ ಪಾಸು ಒಂದೇ ಸಮ ಇದ್ದರೂ ಇದರಲ್ಲಿ ವ್ಯತ್ಯಾಸ ಕಾಣುತ್ತದೆ.

ವರ್ಜೀನಿಯಾ ಶಿಕ್ಷಣ ಇಲಾಖೆ ಪ್ರತಿ ಶಾಲೆಗೂ ಸ್ಕೂಲ್ ಕ್ವಾಲಿಟಿ ಪ್ರೊಫೈಲ್ ಅಂತ ಒಂದು ಪುಟ ಇಟ್ಟಿದೆ. ಅದರಲ್ಲಿ ನಾನು ನಿಂತು ಓದಿದ್ದು ಎರಡು ಕಡೆ. ಒಂದು, ಕಡಿಮೆ ಆದಾಯದ ಮನೆಯ ಮಕ್ಕಳ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ, ವಿಶೇಷ ಅಗತ್ಯ ಇರುವ ಮಕ್ಕಳ ಫಲಿತಾಂಶ. ಮನೆಯಲ್ಲಿ ಟ್ಯೂಷನ್ ಸಿಗದ ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದರೆ ಅದು ಶಾಲೆಯ ದುಡಿಮೆ. ಗುಂಪು ತೀರಾ ಸಣ್ಣದಾದರೆ ಮಕ್ಕಳ ಗುರುತು ಸಿಗಬಾರದು ಅಂತ ಸಂಖ್ಯೆ ಮುಚ್ಚಿರುತ್ತಾರೆ. ಅಂಥ ಕಡೆ ಹಲವು ವರ್ಷಗಳದ್ದು ನೋಡಬೇಕು. ಇನ್ನೊಂದು, ವರ್ಷದ ದಿನಗಳಲ್ಲಿ 10% ಅಥವಾ ಹೆಚ್ಚು ಗೈರಾದ ಮಕ್ಕಳು ಎಷ್ಟು ಅನ್ನುವುದು. ಶಾಲೆಗೆ ಬರಲು ಮಕ್ಕಳಿಗೆ ಮನಸ್ಸಿದೆಯೇ, ಮನೆಯವರ ಜೊತೆ ಶಾಲೆ ಸಂಪರ್ಕ ಇಟ್ಟುಕೊಂಡಿದೆಯೇ ಅನ್ನುವುದು ಇದರಲ್ಲಿ ಸ್ವಲ್ಪ ಗೊತ್ತಾಗುತ್ತದೆ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಗನ ವಿಷಯ. ಅವನಿಗೆ ಉಗ್ಗು ಇದೆ. ಕನ್ನಡದಲ್ಲೂ ಉಗ್ಗುತ್ತಾನೆ, ಇಂಗ್ಲಿಷ್‌ನಲ್ಲೂ ಉಗ್ಗುತ್ತಾನೆ. ಎಡಿಸನ್‌ನಲ್ಲಿ ಅವನಿಗೆ ಐಇಪಿ ಇತ್ತು. ಅಂದರೆ ವಿಶೇಷ ಅಗತ್ಯದ ಮಗುವಿಗೆ ಶಾಲೆ ಏನೇನು ಸೇವೆ ಕೊಡಬೇಕು ಅಂತ ಬರೆದಿಟ್ಟ, ಕಾನೂನಿನ ಬಲವಿರುವ ಯೋಜನೆ. ಶಾಲೆಯ ಸ್ಪೀಚ್ ಥೆರಪಿಸ್ಟ್ ಅವನನ್ನು ಪ್ರತಿ ವಾರ ಕರೆದು ಅಭ್ಯಾಸ ಮಾಡಿಸುತ್ತಿದ್ದರು. ಬೇರೆ ರಾಜ್ಯಕ್ಕೆ ಹೋದರೆ ಇದು ನಿಂತುಹೋಗುತ್ತದಾ ಅನ್ನುವುದೇ ನನ್ನ ಚಿಂತೆ. ವಿಶೇಷ ಅಗತ್ಯದ ಮಕ್ಕಳ ಶಿಕ್ಷಣಕ್ಕೆ ಅಂತ ಇರುವ ಕೇಂದ್ರದ ಐಡಿಇಎ ಕಾನೂನು ಓದಿದ ಮೇಲೆ ಸಮಾಧಾನ ಆಯಿತು. ವರ್ಷದ ಮಧ್ಯೆ ಊರು ಬದಲಿಸಿದರೂ ಹೊಸ ಊರಿನ ಶಾಲಾ ಮಂಡಳಿ ಹಳೆಯ ಐಇಪಿಯಲ್ಲಿ ಇದ್ದದ್ದಕ್ಕೆ ಸಮನಾದ ಸೇವೆ ಕೊಡುತ್ತಲೇ ಇರಬೇಕು. ಬೇಕಾದರೆ ಹೊಸದಾಗಿ ಪರೀಕ್ಷೆ ಮಾಡಿ, ತಂದೆತಾಯಿಯ ಜೊತೆ ಕೂತು ಹೊಸ ಐಇಪಿ ಮಾಡಬಹುದು. ವಿಶೇಷ ಶಿಕ್ಷಣಕ್ಕೆ ಮೊದಲ ಸಲ ಹೆಸರು ಕೊಡುವ ಮಗುವಿಗಾದರೆ ವರ್ಜೀನಿಯಾದಲ್ಲಿ ಅರ್ಹತೆ ತೀರ್ಮಾನ ಆಗಲು 65 ಕೆಲಸದ ದಿನಗಳ ಗಡುವು ಇದೆ. ಹಾಗಾಗಿ ಹಳೆಯ ಊರಿನಲ್ಲೇ ಪರೀಕ್ಷೆ ನಡೆದು ಕಾಗದ ಕೈಯಲ್ಲಿ ಇರುವುದು ಎಷ್ಟೋ ಒಳ್ಳೆಯದು.

ಕಾನೂನು ಹೇಳುವುದು ಒಂದು, ಥೆರಪಿಸ್ಟ್ ಇರುವುದು ಇನ್ನೊಂದು. ಅದಕ್ಕೆ ಶಾಲೆಗಳಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ: ನಿಮ್ಮಲ್ಲಿ ಸ್ಪೀಚ್ ಥೆರಪಿಸ್ಟ್ ಪೂರ್ತಿ ವಾರ ಇರುತ್ತಾರಾ, ಬೇರೆ ಶಾಲೆಗೂ ಹೋಗುತ್ತಾರಾ? ಈ ವರ್ಷ ಆ ಹುದ್ದೆ ಖಾಲಿ ಇತ್ತಾ? ಉಗ್ಗು ಇರುವ ಮಕ್ಕಳ ಜೊತೆ ಅವರು ಕೆಲಸ ಮಾಡಿದ್ದಾರಾ? ಒಂದು ಶಾಲೆಯವರು, "ಮೊದಲು ಸೇರಿಸಿ, ಆಮೇಲೆ ಮಾತಾಡೋಣ" ಅಂದುಬಿಟ್ಟರು. ಇನ್ನೊಂದು ಶಾಲೆಯಲ್ಲಿ ಫೋನ್ ತೆಗೆದವರು ನನ್ನ ನಂಬರ್ ಬರೆದುಕೊಂಡರು, ಮಾರನೇ ದಿನ ಥೆರಪಿಸ್ಟೇ ಫೋನ್ ಮಾಡಿದರು. "ಕ್ಲಾಸಿನಲ್ಲಿ ಕೈ ಎತ್ತುತ್ತಾನಾ? ಊಟದ ಸಾಲಿನಲ್ಲಿ ತನಗೆ ಬೇಕಾದದ್ದು ಕೇಳುತ್ತಾನಾ?" ಅಂತ ಅವರು ಕೇಳಿದ ಮೊದಲ ಪ್ರಶ್ನೆಗಳು. ಉಗ್ಗನ್ನು ಬಲ್ಲವರು ಕೇಳುವ ಪ್ರಶ್ನೆ ಅದು. ಆ ಶಾಲೆಯ ರೇಟಿಂಗ್ ನನ್ನ ಪಟ್ಟಿಯಲ್ಲಿ ನಡುವೆ ಎಲ್ಲೋ ಇತ್ತು. ಇಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಅನ್ನುವುದು ಮನೆಯ ವಿಳಾಸದ ಮೇಲೆ ನಿಂತಿದೆ, ಹಾಗಾಗಿ ನಾವು ಅದೇ ಶಾಲೆಯ ಗಡಿಯೊಳಗೆ ಮನೆ ಹುಡುಕಿದೆವು.

ಕೌಂಟಿ ಮಟ್ಟದಲ್ಲೂ ಇದಕ್ಕೆ ಅಳತೆ ಇದೆ. ವಿಶೇಷ ಅಗತ್ಯದ ಮಕ್ಕಳಲ್ಲಿ ಎಷ್ಟು ಜನ ದಿನದ 80% ಅಥವಾ ಹೆಚ್ಚು ಹೊತ್ತು ಸಾಮಾನ್ಯ ಕ್ಲಾಸಿನಲ್ಲೇ ಇರುತ್ತಾರೆ ಅಂತ ರಾಜ್ಯ ಪ್ರತಿ ವರ್ಷ ಪ್ರಕಟಿಸುತ್ತದೆ. ಪ್ರತಿ ಕೌಂಟಿಯಲ್ಲೂ ತಂದೆತಾಯಿಗಳಿರುವ ವಿಶೇಷ ಶಿಕ್ಷಣ ಸಲಹಾ ಸಮಿತಿ ಇರಲೇಬೇಕು. ಅದರ ಸಭೆಯ ಟಿಪ್ಪಣಿ ಓದಿದರೆ ಶಾಲೆಗಳ ಪ್ರಚಾರ ಪುಟದಲ್ಲಿ ಸಿಗದ ವಿಷಯಗಳು ಸಿಗುತ್ತವೆ.

ಇಲ್ಲೊಂದು ಮಾತು ಸೇರಿಸಬೇಕು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಗನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಅವನನ್ನು ಕನ್ನಡದಲ್ಲೇ ಮಾತಾಡಿಸಿ ವರದಿ ಕೊಟ್ಟರು. ಮಗುವಿನ ಮನೆಮಾತಿನಲ್ಲಿ ಸಾಧ್ಯವಾದಷ್ಟೂ ಪರೀಕ್ಷೆ ಮಾಡಬೇಕು ಅಂತ ಐಡಿಇಎ ಹೇಳುತ್ತದೆ, ಆದರೆ ಅಮೆರಿಕದ ಶಾಲೆಯಲ್ಲಿ ಕನ್ನಡ ಬಲ್ಲ ಥೆರಪಿಸ್ಟ್ ಎಲ್ಲಿ ಸಿಗುತ್ತಾರೆ? ಆ ವರದಿ ಎರಡೂ ಕಡೆ ಉಪಯೋಗಕ್ಕೆ ಬಂತು.

ಮಗಳದ್ದು ಬೇರೆ ಲೆಕ್ಕ. ಅವಳಿಗೆ ಗಣಿತ ಇಷ್ಟ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಥಾಮಸ್ ಜೆಫರ್‌ಸನ್ ಹೈಸ್ಕೂಲಿನ ಮಾತು ಬಾರದೆ ಊಟ ಮುಗಿಯುವುದಿಲ್ಲ. ಅದು ಮಕ್ಕಳನ್ನು ಆಯ್ದು ಸೇರಿಸಿಕೊಳ್ಳುವ, ವಿಜ್ಞಾನ ಗಣಿತಕ್ಕೆ ಹೆಸರಾದ ಸರ್ಕಾರಿ ಶಾಲೆ. ಫೇರ್‌ಫ್ಯಾಕ್ಸ್ ಕೌಂಟಿಯದ್ದು, ಲೌಡನ್ ಮಕ್ಕಳೂ ಅರ್ಜಿ ಹಾಕಬಹುದು. 2020ರಲ್ಲಿ ಅದರ ಪ್ರವೇಶ ಪರೀಕ್ಷೆ ತೆಗೆದರು. ಈಗ ಪ್ರತಿ ಸರ್ಕಾರಿ ಮಿಡಲ್ ಸ್ಕೂಲಿನ ಎಂಟನೇ ಕ್ಲಾಸಿನ 1.5%ರಷ್ಟು ಮಕ್ಕಳಿಗೆ ಸೀಟು ಮೀಸಲು. ಹಾಗಾಗಿ ಜೆಫರ್‌ಸನ್‌ಗೆ ಅಂತಲೇ ಹೆಸರಾದ ಮಿಡಲ್ ಸ್ಕೂಲಿನ ಗಡಿಯಲ್ಲಿ ದುಬಾರಿ ಬಾಡಿಗೆ ಕೊಡುವುದರಲ್ಲಿ ಮೊದಲಿನಷ್ಟು ಅರ್ಥ ಇಲ್ಲ. ಬೇಕಾದದ್ದು ಎಂಟನೇ ಕ್ಲಾಸಿನ ಹೊತ್ತಿಗೆ ಆಲ್ಜೀಬ್ರಾ 1 ಮತ್ತು ಒಳ್ಳೆಯ ಗ್ರೇಡು. ನಾನು ಮಿಡಲ್ ಸ್ಕೂಲ್ ಕೌನ್ಸೆಲರ್‌ಗೆ ಮಗಳ ಪಠ್ಯದ ಪಟ್ಟಿ ಕಳಿಸಿ, ಏಳರಲ್ಲಿ ಅವಳನ್ನು ಯಾವ ಗಣಿತಕ್ಕೆ ಹಾಕುತ್ತೀರಿ ಅಂತ ಕೇಳಿದೆ. ಊರು ಬದಲಾದಾಗ ಮಕ್ಕಳು ಸುಮ್ನೆ ಒಂದು ವರ್ಷ ಹಿಂದೆ ಬೀಳುವುದು ಇಲ್ಲೇ. ಲೌಡನ್‌ನದೇ ಆದ ವಿಜ್ಞಾನ, ತಂತ್ರಜ್ಞಾನದ ಶಾಲೆ ಅಕಾಡೆಮೀಸ್ ಆಫ್ ಲೌಡನ್ ಕೂಡ ಇದೆ, 2018ರಲ್ಲಿ ಲೀಸ್‌ಬರ್ಗ್‌ನಲ್ಲಿ ಶುರುವಾದದ್ದು. ಮಕ್ಕಳು ದಿನ ಬಿಟ್ಟು ದಿನ ಅಲ್ಲಿಗೆ ಹೋಗಿ, ಉಳಿದ ದಿನ ತಮ್ಮ ಹೈಸ್ಕೂಲಿನಲ್ಲೇ ಇರುತ್ತಾರೆ. ಗೆಳತಿಯರನ್ನು ಬಿಡದೆ ವಿಜ್ಞಾನ ಓದಬಹುದಾದ ಈ ಏರ್ಪಾಟು ನನಗೆ ತುಂಬಾ ಇಷ್ಟವಾಯಿತು. ಫೇರ್‌ಫ್ಯಾಕ್ಸ್‌ನಲ್ಲಿ ಪ್ರಾಥಮಿಕದಿಂದಲೇ ಮುಂದಿರುವ ಮಕ್ಕಳನ್ನು ಬೇರೆ ಸೆಂಟರ್‌ಗೆ ಕಳಿಸುವ ಪದ್ಧತಿ ಇದೆ. ಕೆಲವು ಮಕ್ಕಳಿಗೆ ಅದು ಹಿಡಿಸುತ್ತದೆ. ನಮ್ಮ ಮನೆಗೆ ಅದು ಬೇಡ ಅನ್ನಿಸಿತು.

ಲೌಡನ್ ಅಂತ ತೀರ್ಮಾನವಾದ ಮೇಲೆ ಉಳಿದದ್ದು ಗಡಿ. ಈ ಕೌಂಟಿಯ ಜನಸಂಖ್ಯೆ 1990ರಲ್ಲಿ ಸುಮಾರು 86,000 ಇತ್ತು, 2020ರಲ್ಲಿ 4,20,000 ದಾಟಿತು. ಹೊಸ ಶಾಲೆ ಕಟ್ಟಿದಾಗಲೆಲ್ಲ ಸುತ್ತಲಿನ ಶಾಲೆಗಳ ಗಡಿ ಬದಲಾಗುತ್ತದೆ. ಇವತ್ತು ಒಂದು ಶಾಲೆಗೆ ಸೇರಿದ ಬೀದಿ ಎರಡು ವರ್ಷಕ್ಕೆ ಇನ್ನೊಂದಕ್ಕೆ ಹೋಗಬಹುದು. ಮನೆ ತೋರಿಸುವ ಸೈಟು ಹೇಳಿದ್ದನ್ನು ನಂಬದೆ, ಕೌಂಟಿಯ ಗಡಿ ಹುಡುಕುವ ಪುಟದಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ. ಜೊತೆಗೆ ಕೌಂಟಿಯ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ ಓದಿ. ಮುಂದೆ ಎಲ್ಲಿ ಹೊಸ ಶಾಲೆ ಬರುತ್ತದೆ ಅನ್ನುವುದು ಅದರಲ್ಲಿರುತ್ತದೆ. ರಿಯಲ್ ಎಸ್ಟೇಟ್ ಏಜೆಂಟರನ್ನು ಇದು ಒಳ್ಳೆ ಶಾಲೆನಾ ಅಂತ ಕೇಳಿದರೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ವಸತಿಯಲ್ಲಿ ಭೇದ ಮಾಡಬಾರದು ಅನ್ನುವ ಕಾನೂನಿನ ಭಯದಿಂದ ಅವರು ಹಿಂಜರಿಯುತ್ತಾರೆ. ಅದು ಸರಿಯೂ ಹೌದು.

ನಾವು ಮನೆ ಕೊಳ್ಳದೆ ಮೊದಲು ಬಾಡಿಗೆಗೆ ಹಿಡಿದೆವು. ಎರಡೂ ಮಕ್ಕಳ ಶಾಲೆ ಶುರುವಾಗುವ ಹೊತ್ತು ಬೇರೆ ಬೇರೆ ಅನ್ನುವುದನ್ನೂ ಮುಂಚೆಯೇ ಲೆಕ್ಕ ಹಾಕಿಕೊಂಡೆವು. ಲೌಡನ್‌ನಲ್ಲಿ ಪ್ರಾಥಮಿಕ ಶಾಲೆ ಎಂಟಕ್ಕೂ ಮುಂಚೆ ಶುರು, ಮಿಡಲ್ ಸ್ಕೂಲು ಅದಾದ ಮೇಲೆ, ಹೈಸ್ಕೂಲು ಒಂಬತ್ತೂವರೆಗೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಸೇರಿಸುವಾಗ ಬಾಡಿಗೆ ಕರಾರು, ಹುಟ್ಟಿದ ಪ್ರಮಾಣಪತ್ರ, ಲಸಿಕೆಯ ದಾಖಲೆ, ಮಗನಿಗೆ ಡಾಕ್ಟರ್ ತಪಾಸಣೆಯ ಫಾರಂ ಕೊಟ್ಟೆವು. ಮನೆಯಲ್ಲಿ ಯಾವ ಭಾಷೆ ಅನ್ನುವ ಪ್ರಶ್ನೆಗೆ, ಇಂಗ್ಲಿಷ್ ಅಂತಲೇ ಬರೆಯಿರಿ, ಇಲ್ಲದಿದ್ದರೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ ಅಂತ ಕೆಲವರು ಹೇಳಿದ್ದರು. ನಾನು ಕನ್ನಡ ಅಂತಲೇ ಬರೆದೆ. ಆ ಪರೀಕ್ಷೆ ಇರುವುದು ಮಗುವಿಗೆ ಸಹಾಯ ಬೇಕಾ ಅಂತ ತಿಳಿಯಲು. ಹೆದರುವುದು ಏನೂ ಇಲ್ಲ. ಹಳೆಯ ಶಾಲೆಯ ದಾಖಲೆ ನೋಡಿ ನಮ್ಮ ಮಕ್ಕಳಿಗೆ ಬೇಡ ಅಂದರು.

ಐಇಪಿಯ ಪ್ರತಿಯನ್ನು ಕಚೇರಿಯ ಮೂಲಕ ಬರಲಿ ಅಂತ ಕಾಯಬೇಡಿ. ನಾನು ಜುಲೈನಲ್ಲೇ ಅದನ್ನೂ ಮೈಸೂರಿನ ವರದಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟು, ತಲುಪಿದೆ ಅಂತ ಇಮೇಲ್ ತರಿಸಿಕೊಂಡೆ. ಆಗಸ್ಟ್ ಕೊನೆಯಲ್ಲಿ ಶಾಲೆ ಶುರುವಾಯಿತು. ಮೊದಲ ತಿಂಗಳೊಳಗೇ ಥೆರಪಿಯೂ ಶುರುವಾಯಿತು, ಅಕ್ಟೋಬರ್‌ನಲ್ಲಿ ಹೊಸ ಐಇಪಿ ಸಭೆ ಆಯಿತು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗ ಮಗನಿಗೆ ಹೆಚ್ಚು ಹೊತ್ತು ಕೊಡಬೇಕು ಅಂತ ಟೀಚರೇ ಆ ಸಭೆಯಲ್ಲಿ ಬರೆಸಿದರು.