ಬೀಗ ಹಾಕಿದ ಮನೆಗಳಿಗೂ ಒಂದು ತುಂಡು ಬಟ್ಟೆ

ನಮ್ಮ ಊರು ಇರುವುದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಣ ಸೀಮೆಯಲ್ಲಿ. ಮಳೆ ಕೈಕೊಟ್ಟ ವರ್ಷ ಸುಗ್ಗಿ ಬೇಗ ಮುಗಿಯುತ್ತದೆ. ಆಮೇಲೆ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಬೆಂಗಳೂರು, ಮಂಗಳೂರು, ಗೋವಾ ಅಂತ ಜನ ಗುಳೆ ಹೋಗುತ್ತಾರೆ. ಚಿತ್ರಕಲೆ ಕಲಿತು ಊರಿಗೆ ವಾಪಸ್ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬೀಗಗಳೇ.

ಮೊದಲ ವರ್ಷ ಓಣಿಯ ಗೋಡೆಗಳ ಮೇಲೆ ಬಯಲಾಟದ ವೇಷಗಳನ್ನು ಬರೆದೆ. ಜನ ನಿಂತು ನೋಡಿದರು, "ಚಂದ ಐತಿ" ಅಂದರು. ಎರಡು ಮಳೆಗೆ ಬಣ್ಣ ಕಿತ್ತು ಬಂತು. ಮತ್ತೆ ಬರಿ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಬಹಳ ಬೇಜಾರಾಯಿತು.

ಆ ಹೊತ್ತಲ್ಲಿ ಜಪಾನಿನ ನೀಗಾಟ ಕಡೆಯ ಎಚಿಗೊ-ತ್ಸುಮಾರಿ ಬಗ್ಗೆ ಓದುತ್ತಿದ್ದೆ. ಹರೆಯದವರು ಪಟ್ಟಣ ಸೇರಿ, ವಯಸ್ಸಾದವರೇ ಉಳಿದ ಹಳ್ಳಿಗಳವು. ಕಲಾ ನಿರ್ದೇಶಕ ಫ್ರಾಮ್ ಕಿಟಗಾವಾ ಅಲ್ಲಿ 2000ದಲ್ಲಿ ಒಂದು ಕಲಾ ಉತ್ಸವ ಶುರು ಮಾಡಿದರು. ಸುಮಾರು 760 ಚದರ ಕಿಲೋಮೀಟರ್ ಜಾಗದಲ್ಲಿ ಖಾಲಿ ಮನೆ, ಮುಚ್ಚಿದ ಶಾಲೆಗಳೇ ಕಲೆಯ ಜಾಗಗಳಾದವು. ಅದನ್ನೇ ಇಲ್ಲಿ ಮಾಡೋಣ ಅಂದುಕೊಂಡೆ. ಆದರೆ ನಮ್ಮ ಮನೆಗಳು ಪಾಳು ಬಿದ್ದವಲ್ಲ. ಬೀಗದ ಕೈ ಪಕ್ಕದ ಮನೆಯ ಅವ್ವನ ಸೊಂಟದಲ್ಲಿರುತ್ತದೆ, ಅಮಾವಾಸ್ಯೆಗೆ ಬಾಗಿಲು ತೆಗೆದು ಕಸ ಹೊಡೆಯುತ್ತಾಳೆ. ಅಂಥ ಮನೆಯನ್ನು ಪ್ರದರ್ಶನಕ್ಕೆ ಕೊಡಿ ಅನ್ನೋಕೆ ಬಾಯಿ ಬರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಕೌದಿಯಲ್ಲಿ, ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯುವ ಹೊದಿಕೆಯಲ್ಲಿ. ಗುಳೆ ಹೋಗುವವರು ಪಾತ್ರೆ ಬಿಟ್ಟಾರು, ಕೌದಿ ಬಿಡುವುದಿಲ್ಲ. ನಮ್ಮ ಓಣಿಯ 41 ಮನೆಗಳ ನಕ್ಷೆಯನ್ನೇ ಕೌದಿಯಾಗಿ ಹೊಲಿಯೋಣ, ಪ್ರತಿ ಮನೆಗೂ ಆ ಮನೆಯದೇ ಬಟ್ಟೆ ಇರಲಿ ಅಂತ ಹೇಳಿದೆ. ಮೊದಲ ಪ್ರಶ್ನೆ, "ಕೂಲಿ ಎಷ್ಟು ಕೊಡ್ತೀಯಪ್ಪಾ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಊರಿನ ಕೆಲಸ, ಸುಮ್ನೆ ಬರುತ್ತಾರೆ ಅಂದುಕೊಂಡಿದ್ದೆ. ಕಳೆ ತೆಗೆಯಲು ಕೊಡುವ ಕೂಲಿಯನ್ನೇ ಕೊಡುವುದು ಅಂತ ತೀರ್ಮಾನವಾಯಿತು. ಸಮುದಾಯದ ಕಲೆ ಅಂತ ಹೇಳಿ ಹೆಂಗಸರ ಮಧ್ಯಾಹ್ನಗಳನ್ನು ಪುಕ್ಕಟೆ ತೆಗೆದುಕೊಳ್ಳುವುದು ಅನ್ಯಾಯ. ಈ ಮಾತನ್ನು ಈಗ ಎಲ್ಲ ಕಡೆ ಹೇಳುತ್ತೇನೆ.

ಎರಡನೆಯದು ಕೂರುವ ಜಾಗ. ಹನುಮಪ್ಪನ ಗುಡಿ ಕಟ್ಟೆ ಅಂದೆ. ದಲಿತರ ಕೇರಿಯ ಹೆಂಗಸರು ಒಬ್ಬರೂ ಬರಲಿಲ್ಲ. ಯಾಕೆ ಅಂತ ಕೇಳುವ ಅಗತ್ಯವೇ ಇರಲಿಲ್ಲ, ಹುಟ್ಟಿ ಬೆಳೆದ ಊರು ನನಗೆ ಗೊತ್ತಿಲ್ವಾ? ಮಾರನೇ ದಿನ ಶಾಲೆ ಹಿಂದಿನ ಬೇವಿನ ಮರದಡಿ ಚಾಪೆ ಹಾಸಿದೆವು. ಮೊದಲ ವಾರ ಎರಡು ಗುಂಪಾಗಿ ಕೂತರು. ಆದರೆ ಕೌದಿ 12 ಅಡಿ ಉದ್ದ. ಹೊಲಿಯುತ್ತಾ ಹೋದ ಹಾಗೆ ಒಂದೇ ಬಟ್ಟೆ ಎಲ್ಲರ ತೊಡೆ ಮೇಲೂ ಬಂತು.

ನಾನು ಕಾಗದದ ಮೇಲೆ ಗುಡಿಯಿಂದ ನಕ್ಷೆ ಶುರು ಮಾಡಿದ್ದೆ. ಅದು ನಡೆಯಲಿಲ್ಲ. ನಮ್ಮಲ್ಲಿ ಕೌದಿಯನ್ನು ಅಂಚಿನಿಂದ ಹಿಡಿದು ಒಳಗೆ ಸುತ್ತುತ್ತಾ ಹೊಲಿಯುತ್ತಾರೆ. ಹೀಗಾಗಿ ಮೊದಲು ಬಂದದ್ದು ಹಳ್ಳ, ಎರೆ ಹೊಲ, ಕೇರಿ. ಗುಡಿ ಕೊನೆಗೆ. ದೋಟಿಹಾಳ, ಹನುಮಸಾಗರದ ಮಗ್ಗಗಳು ಹತ್ತಿರವಿರುವುದರಿಂದ ಹಳೇ ಇಳಕಲ್ ಸೀರೆಗಳಿಗೆ ಬರವಿಲ್ಲ. ಆ ಸೀರೆಯಲ್ಲಿ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೇರಿಯ ಒಬ್ಬ ಅಜ್ಜಿ ಸರಿಯಾಗಿ ಆ ಜೋಡಣೆಯ ಪಟ್ಟಿಯನ್ನೇ ಕತ್ತರಿಸಿ, ಊರಿಗೂ ಕೇರಿಗೂ ನಡುವಿನ ರಸ್ತೆ ಮಾಡಿದಳು. "ಇದು ಲಗೂನ ಬಿಚ್ಚಂಗಿಲ್ಲ" ಅಂದಳು.

ಬೀಗ ಹಾಕಿದ 14 ಮನೆಗಳಿಗೆ ಬಟ್ಟೆ ಎಲ್ಲಿಂದ ತರುವುದು? ಜಾಗ ಖಾಲಿ ಬಿಡೋಣ ಅಂದೆ, ನೋಡಲು ಅರ್ಥಪೂರ್ಣವಾಗಿರುತ್ತದೆ ಅಂತ. ಹೆಂಗಸರು ಒಪ್ಪಲಿಲ್ಲ. "ಅವ್ರೇನು ಸತ್ತಾರೇನು?" ಅಂದರು. ಫೋನ್ ಮಾಡಿದರು. ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಗಂಟುಗಳು ಬರತೊಡಗಿದವು. ಒಂದರಲ್ಲಿ ನೀಲಿ ಅಂಗಿಯ ತೋಳಿತ್ತು, ಅಲ್ಲಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತಿತ್ತು. ಸೂಜಿ ಹೋಗಲಿಲ್ಲ, ಎರಡು ಸೂಜಿ ಮುರಿದವು. ತೊಳೆದು ತೆಗೆಯೋಣ ಅಂದೆ. ಅವನ ತಾಯಿ ಬೇಡ ಅಂದಳು. ಸಿಮೆಂಟಿನ ಸುತ್ತ ಒತ್ತೊತ್ತಾಗಿ ಹೊಲಿದಳು.

ಹಾಗಿದ್ದೂ ಎರಡು ಮನೆಗಳಿಂದ ಏನೂ ಬರಲಿಲ್ಲ. ಫೋನ್ ಹತ್ತಲಿಲ್ಲ.

ಮೊಹರಂಗೆ ಗುಳೆ ಹೋದವರೂ ಊರಿಗೆ ಬರುತ್ತಾರೆ. ಕೌದಿಯನ್ನು ಹಬ್ಬದ ಬೆಂಕಿ ಹಾಕುವ ಅಲಾಯಿ ಕುಣಿಯ ಎದುರಿನ ಗೋಡೆಗೆ ತೂಗು ಹಾಕಿದೆವು. ಬಂದವರು ಮೊದಲು ತಮ್ಮ ಮನೆ ಹುಡುಕಿದರು, ಆಮೇಲೆ ಪಕ್ಕದ ಮನೆ. ಮಕ್ಕಳು ಕೈ ಹಾಕಿ ಮುಟ್ಟಿದರು, ನಾನು ತಡೆಯಲಿಲ್ಲ. ಸಂಜೆ ಹೊತ್ತಿಗೆ ಬ್ಯಾಗು ಹೆಗಲಲ್ಲೇ ಇದ್ದ ಒಬ್ಬ ಹೆಂಗಸು ಖಾಲಿ ಜಾಗವೊಂದರ ಮುಂದೆ ನಿಂತಳು. ತನ್ನ ಮನೆ ಅಂತ ತಿಳಿದ ಕೂಡಲೇ ಸೆರಗಿನ ತುದಿ ಹಲ್ಲಿನಿಂದ ಕಚ್ಚಿ ಹರಿದಳು. "ಸೂಜಿ ಯಾರ ಕಡೆ ಐತಿ?" ಅಂದಳು.