ಮಾಥೇರಾನ್ ರೈಲಿನ ಫೋಟೋ: ಬರಿಗೈಲಿ ಮರಳದಿರಲು

ಮುಂಬೈ ಬಳಿಯ ಬೆಟ್ಟದೂರು ಮಾಥೇರಾನ್‌ಗೆ ಕ್ಯಾಮೆರಾ ಹೊತ್ತು ಹೋದವರು ಸಪ್ಪೆ ಮುಖ ಹಾಕಿಕೊಂಡು ಬರುವುದಕ್ಕೆ ಮೊದಲ ಕಾರಣ, ಹೊಗೆ ಉಗುಳುವ ಎಂಜಿನ್ ಕಾಣುತ್ತದೆ ಎಂಬ ನಿರೀಕ್ಷೆ. 1907ರಲ್ಲಿ ಶುರುವಾದ ಈ ಎರಡಡಿ ಅಗಲದ ಹಳಿಯ ಮೇಲೆ ಈಗ ದಿನನಿತ್ಯ ಓಡುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್‌ಗಳು 1980ರ ದಶಕದಲ್ಲೇ ನಿವೃತ್ತಿಯಾದವು. ನಿಜವಾದ ಉಗಿಬಂಡಿಗೆ ನೀಲಗಿರಿಯ ದಾರಿ ಹಿಡಿಯಬೇಕು. ಆದರೆ ಠಾಣೆ, ಡೊಂಬಿವಲಿಯ ನಮ್ಮವರಿಗೆ ಕರ್ಜತ್ ಲೋಕಲ್ ಹತ್ತಿದರೆ ಸಿಗುವ ಬೆಟ್ಟದ ರೈಲು ಇದೊಂದೇ. ಇಲ್ಲಿ ಕೈ ಪಳಗಿಸಿಕೊಂಡೇ ಅಲ್ಲಿಗೆ ಹೋಗುವುದು ಒಳ್ಳೆಯದು.

ಮಳೆಗಾಲದಲ್ಲಿ ಬೆಟ್ಟದ ಬುಡದ ನೇರಳ್‌ನಿಂದ ಮಾಥೇರಾನ್‌ಗೆ ಮೊದಲಿನ ನಿಲ್ದಾಣ ಅಮನ್ ಲಾಡ್ಜ್‌ವರೆಗಿನ ಭಾಗ ಮುಚ್ಚಿರುತ್ತದೆ. ಆಗ ಓಡುವುದು ಅಮನ್ ಲಾಡ್ಜ್–ಮಾಥೇರಾನ್ ಶಟಲ್ ಮಾತ್ರ. ಹಳಿ ರಿಪೇರಿ ಮುಗಿದು ಪೂರ್ತಿ ಮಾರ್ಗ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಭಾನುವಾರ ಬೇಡ: ಹಳಿ ದುರಸ್ತಿಗೆಂದು ಗಾಡಿ ತಡೆಯುವ ‘ಮೆಗಾ ಬ್ಲಾಕ್’ ಇದ್ದರೆ ಲೋಕಲ್ ತಡವಾಗುತ್ತದೆ, ಬೆಳಗಿನ ಗಾಡಿ ಕೈತಪ್ಪುತ್ತದೆ. ಪೂರ್ತಿ ಮಾರ್ಗದಲ್ಲಿ ಓಡುವ ಗಾಡಿಗಳು ಬೆರಳೆಣಿಕೆಯಷ್ಟೇ, ಆದ್ದರಿಂದ ಒಂದು ತಪ್ಪಿದರೆ ಅರ್ಧ ದಿನವೇ ಹೋದಂತೆ.

ಬೆಳಗ್ಗೆಯೇ ಯಾಕೆ? ನೇರಳ್ ಇರುವುದು ಬೆಟ್ಟದ ಪೂರ್ವಕ್ಕೆ, ಹಳಿ ಏರುವುದೂ ಪೂರ್ವದ ಇಳಿಜಾರಿನಲ್ಲೇ. ಬೆಳಗಿನ ಬಿಸಿಲು ನೇರವಾಗಿ ಗಾಡಿಯ ಮೇಲೆ ಬೀಳುತ್ತದೆ. ಮಧ್ಯಾಹ್ನ ಸೂರ್ಯ ಬೆಟ್ಟದ ಹಿಂದೆ ಸರಿಯುತ್ತಾ ಹೋದಂತೆ ಇಳಿಜಾರು ನೆರಳಿಗೆ ಬಂದು, ಆಕಾಶ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆಗ ತೆಗೆದ ಚಿತ್ರದಲ್ಲಿ ಎಂಜಿನ್ ಕಪ್ಪು ಮುದ್ದೆ. ಇಳಿಯುವ ಗಾಡಿಗಾಗಿ ಕಾಯುವವರು ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು ಹಸಿರು, ಕಲ್ಲು, ಹಳಿಯನ್ನಷ್ಟೇ ಸೇರಿಸಿಕೊಳ್ಳಲಿ.

ಟ್ಯಾಕ್ಸಿ ಹಿಡಿದು ಗಾಡಿಯ ಬೆನ್ನು ಹತ್ತುವ ಆಸೆ ಎಲ್ಲರಿಗೂ ಬರುತ್ತದೆ. ಗಾಡಿ ನಿಧಾನ, ನಿಜ. ಆದರೆ ರಸ್ತೆ ಮತ್ತು ಹಳಿ ಸಂಧಿಸುವುದು ಕೆಲವೇ ಕಡೆ. ಅಲ್ಲಿ ಟ್ಯಾಕ್ಸಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಕೊನೆಯ ಬೋಗಿಯ ಬೆನ್ನು ಕಾಣುತ್ತದೆ. ಒಂದೇ ಜಾಗ ಆರಿಸಿ, ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವುದೇ ಸರಿಯಾದ ದಾರಿ. ತಿರುವಿನ ಒಳಬದಿಯಲ್ಲಿ ನಿಂತರೆ ಎಂಜಿನ್‌ನಿಂದ ಕೊನೆಯ ಬೋಗಿವರೆಗೆ ಬಿಲ್ಲಿನಂತೆ ಬಾಗಿದ ಇಡೀ ಗಾಡಿ ಸಿಗುತ್ತದೆ. ಹೊರಬದಿಯಲ್ಲಿ ಎಂಜಿನ್ ಉಳಿದದ್ದನ್ನೆಲ್ಲ ಮರೆಮಾಡುತ್ತದೆ. ಲಾಳಾಕಾರದ ತಿರುವಿನ ಮೇಲ್ಭಾಗ ಇನ್ನೂ ಮೇಲು: ಅದೇ ಗಾಡಿ ಮೊದಲು ಕೆಳಗೆ, ಸ್ವಲ್ಪ ಹೊತ್ತಿಗೆ ನಿಮ್ಮ ಮಟ್ಟದಲ್ಲಿ, ಹೀಗೆ ಎರಡು ಅವಕಾಶ. ಹಳಿಯ ಮೇಲೆ ಮಾತ್ರ ಇಳಿಯಬೇಡಿ. ಬೆಟ್ಟ ಕಡಿದ ಜಾಗದಲ್ಲಿ ಪಕ್ಕಕ್ಕೆ ಸರಿಯಲು ಸ್ಥಳವೇ ಇರುವುದಿಲ್ಲ. ಜೊತೆಗೆ ಅಕ್ರಮ ಪ್ರವೇಶಕ್ಕೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ದಂಡ, ಜೈಲು ಎರಡಕ್ಕೂ ಅವಕಾಶವಿದೆ.

ಗಾಡಿ ಬರುವ ಮೊದಲೇ ಎಲ್ಲ ಸಿದ್ಧವಾಗಿರಲಿ. ಚೆನ್ನಾಗಿ ಬಿಸಿಲಿದ್ದರೆ ಮ್ಯಾನುಯಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಲೆನ್ಸ್ ತೆರಪು ಎಫ್/8, ಶಟರ್ ವೇಗ 1/500 ಸೆಕೆಂಡ್. ಎಂಜಿನ್ ಎಲ್ಲಿಗೆ ಬಂದಾಗ ಒತ್ತಬೇಕೋ ಅಲ್ಲಿ ಹಳಿಯಡಿ ಇರುವ ಅಡ್ಡಪಟ್ಟಿ (ಸ್ಲೀಪರ್) ಒಂದರ ಮೇಲೆ ಫೋಕಸ್ ಮಾಡಿ ಲಾಕ್ ಮಾಡಿ. ಇಲ್ಲದಿದ್ದರೆ ಆಟೋಫೋಕಸ್ ಮುಂದಿನ ಹುಲ್ಲಿಗೋ ಕೊಂಬೆಗೋ ಹೋಗಿ ಕೂರುತ್ತದೆ. 24–70 ಲೆನ್ಸ್ ಸಾಕು. ಹಿನ್ನೆಲೆ ಓಡುತ್ತಿರುವಂತೆ ಬೇಕಿದ್ದರೆ 1/30ಕ್ಕೆ ಇಳಿಸಿ, ಗಾಡಿಯ ಜೊತೆಗೇ ಸೊಂಟದಿಂದ ತಿರುಗಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಮೊಬೈಲಿನಲ್ಲಾದರೆ ಹಳಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ತುಸು ತಗ್ಗಿಸಿ, ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಬಳಸಿ.

ಅಮನ್ ಲಾಡ್ಜ್‌ನಿಂದ ಮೇಲಕ್ಕೆ ದಟ್ಟ ಮರಗಳು, ನೆಲದ ಮೇಲೆ ಬಿಸಿಲಿನ ಚುಕ್ಕೆ. ಇಲ್ಲಿ ಐಎಸ್‌ಒ 800ರಿಂದ 1600 ಬೇಕಾದೀತು. ಎಂಜಿನ್ ಮುಖಕ್ಕೆ ಬಿಸಿಲು ತಾಗುವ ಒಂದು ಚುಕ್ಕೆ ಆರಿಸಿ, ಅದರ ಬೆಳಕಿಗೇ ಎಕ್ಸ್‌ಪೋಶರ್ ಇಡಿ. ಕೆಂಪು ಧೂಳು ಹಿಟ್ಟಿನಷ್ಟು ನಯ, ಕುದುರೆ ಹೋದಾಗಲೆಲ್ಲ ಏಳುತ್ತದೆ. ದಾರಿಯಲ್ಲಿ ಲೆನ್ಸ್ ಬದಲಿಸಬೇಡಿ. ತಿಂಡಿಯ ಪೊಟ್ಟಣ ಕ್ಯಾಮೆರಾ ಬ್ಯಾಗಿನಲ್ಲಿದ್ದರೆ ಕೋತಿಗಳು ಬ್ಯಾಗನ್ನೇ ಎಳೆಯುತ್ತವೆ.

ಇನ್ನು ನೀಲಗಿರಿ. ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ ಉಗಿ ಎಂಜಿನ್. ಊಟಿ–ಕೂನೂರು ನಡುವಿನ ಗಾಡಿಗಳನ್ನು ನಂಬಿ ಹೋದರೆ ಸಾಮಾನ್ಯವಾಗಿ ಸಿಗುವುದು ಡೀಸೆಲ್. ಕಲ್ಲಾರಿನ ನಂತರ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಲ್ಲುಹಳಿ, ಅಲ್ಲಿ ಏರು 12ಕ್ಕೆ 1, ಅಂದರೆ 12 ಅಡಿ ಸಾಗಿದರೆ ಒಂದಡಿ ಮೇಲೆ. ಬೋಗಿ ಹಿಂದಕ್ಕೆ ಜಾರದಂತೆ ಎಂಜಿನ್ ಇಳಿಜಾರಿನ ಕೆಳತುದಿಯಲ್ಲಿದ್ದು ಮೇಲಕ್ಕೆ ನೂಕುತ್ತದೆ. ಇದು ತಿಳಿಯದೆ ಏರುವ ಗಾಡಿಯ ಎದುರು ನಿಂತವರಿಗೆ ಸಿಗುವುದು ಬೋಗಿಯ ಮುಖ. ಬೋಗಿಗಳು ಸಾಗಲಿ ಎಂದು ಬಿಟ್ಟು, ಹಿಂದೆ ಬರುವ ಎಂಜಿನ್‌ಗೆ ಕಾಯಬೇಕು. ಇಳಿಯುವಾಗ ಅದೇ ಮುಂದಿರುತ್ತದೆ, ಆದರೆ ದುಡಿಮೆ ಕಡಿಮೆ, ಉಗಿಯೂ ಕಡಿಮೆ.

ಬಿಳಿ ಉಗಿ ಎಂದರೆ ತಣ್ಣನೆ ಗಾಳಿಗೆ ಹನಿಗಟ್ಟಿದ ನೀರು. ಚಳಿಯ, ತೇವದ ಬೆಳಗಿನಲ್ಲಿ ದಟ್ಟ, ಬಿಸಿ ಮಧ್ಯಾಹ್ನದಲ್ಲಿ ಕ್ಷಣದಲ್ಲೇ ಮಾಯ. ಚೌಕಟ್ಟಿನ ತುಂಬ ಕಪ್ಪು ಎಂಜಿನ್ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಉಗಿಯ ಸುರುಳಿಗಳೆಲ್ಲ ಅಳಿಸಿಹೋಗುತ್ತವೆ. ಕ್ಯಾಮೆರಾ ಆಟೋ ಮೋಡ್‌ನಲ್ಲಿದ್ದರೆ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಕಪ್ಪಿನ ವಿವರ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಿಂದ ಆಮೇಲೆ ಎತ್ತಬಹುದು, ಬಿಳಿಯದ್ದು ಹೋದರೆ ಹೋದಂತೆಯೇ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಬದಿಗೇ ನಿಲ್ಲಿ; ಎದುರು ಬದಿಯಲ್ಲಿದ್ದರೆ ಉಗಿ ನಿಮ್ಮತ್ತ ನುಗ್ಗಿ ಗಾಡಿಯನ್ನೇ ಮುಚ್ಚಿಬಿಡುತ್ತದೆ.